ಒಂದೇ ಕವರಿನ ಎರಡು ಔಷಧಿ

...ಅಲ್ಲಪ್ಪ, ಈಗ ನೀನು ಬಾಗಿಲು ತಟ್ಟಿದ್ದು ಒಂದ್ಸಲಾನಾ, ಎರಡ್ಸಲಾನಾ? ನೀನೇ ಮಾಡಿದ ಕಾನೂನು ಇದು. ಕಕ್ಕಸಿನಲ್ಲಿ ಕೂತೋರು ಬಾಯಿ ಬಿಡಬಾರದು, ಹೌದು ಅಂದ್ರೆ ಬಾಗಿಲಿಗೆ ಒಂದೇಟು, ಇಲ್ಲ ಅಂದ್ರೆ ಎರಡು. ನಾನು ಹುಟ್ಟಿದಾಗಿಂದ ಮನೆಮಂದಿಯೆಲ್ಲ ಹಾಗೇ ಬಾಳಿದ್ದೀವಿ. ಈಗ ನೀನೇ ಒಂದೂವರೆ ತಟ್ಟಿದ್ರೆ ನಾನೇನು ಅಂತ ತಿಳ್ಕೊಳ್ಳಲಿ? ...ಎರಡು. ಸರಿ. ಇನ್ನೂ ಆಗಿಲ್ಲ.

ಇರ್ಲಿ ಬಿಡು, ಅವಸರ ಇಲ್ಲ. ನಾನೂ ಇಲ್ಲೇ ಬಾಗಿಲ ಹೊರಗೆ ಸ್ಟೂಲ್ ಹಾಕ್ಕೊಂಡು ಕೂತಿದ್ದೀನಿ, ಡ್ಯೂಟಿಗೆ ರಜೆ ಹಾಕಿ. ಬಸ್ ಸ್ಟ್ಯಾಂಡಲ್ಲಿ ಮೈಕ್ ಹಿಡಿದು 'ಕೆಲವೇ ನಿಮಿಷಗಳಲ್ಲಿ ಬರಲಿದೆ' ಅಂತ ಹನ್ನೊಂದು ವರ್ಷದಿಂದ ಹೇಳ್ತಿರೋಳು ನಾನು. ಕಾಯೋದು, ಕಾಯಿಸೋದು ಎರಡೂ ಅಭ್ಯಾಸ ಇದೆ. ಆದ್ರೂ ಐದು ದಿನ ಲೇಟಾದ ಗಾಡಿ ಇದುವರೆಗೂ ನೋಡಿರಲಿಲ್ಲ ಅಪ್ಪ... ಯಾಕೆ ನಗ್ತೀಯ? ನಗು ನಗು, ಹೊಟ್ಟೆ ಅಲುಗಾಡಿದ್ರೆ ಒಳ್ಳೇದೇ.

ಡಾಕ್ಟರು ಸಿರಪ್ ಜಾಸ್ತಿ ಮಾಡಿ ಇವತ್ತಿಗೆ ಮೂರನೇ ದಿನ. ಬೆಳಿಗ್ಗೆ ಹದಿನೈದು ಎಂಎಲ್, ರಾತ್ರಿ ಹದಿನೈದು. ನೀನು ಕಲಿಸಿದ ಹಾಗೆ ಅಳತೆ ಮುಚ್ಚಳಾನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡೇ ಕೊಟ್ಟಿದ್ದೀನಿ. ಅಮ್ಮ ಒಂದು ಹನಿ ನೆಕ್ಕಿ, 'ಬರೀ ಸಕ್ಕರೆ ಪಾಕ, ಇದರಲ್ಲಿ ಔಷಧಿ ಎಲ್ಲಿದೆ' ಅಂತಾಳೆ. ನಾನಂದೆ, ಇದು ಒದ್ದು ಓಡಿಸೋ ಜಾತಿ ಅಲ್ಲಮ್ಮ, ಕರುಳಿಗೆ ನೀರು ಕರ್ಕೊಂಡು ಬರುತ್ತೆ, ಗಟ್ಟಿ ಇದ್ದದ್ದನ್ನ ನೆನೆಸಿ ಮೆತ್ತಗೆ ಮಾಡುತ್ತೆ, ಎರಡು ಮೂರು ದಿನ ಹಿಡಿಯುತ್ತೆ ಅಂತ. ಕಾಂಪೌಂಡರ್ ಮಗಳಿಗೆ ಅಷ್ಟಾದ್ರೂ ಬರಬೇಡ್ವಾ?

ಬೆಳಿಗ್ಗೆ ಎರಡು ಲೋಟ ನೀರು ಕುಡಿದ್ಯಾ? ...ಒಂದೇಟು. ಸುಳ್ಳು. ಒಂದು ಲೋಟ ಕುಂಡದ ಗಿಡಕ್ಕೆ ಹೋಗಿದ್ದು ನಾನು ಕಿಟಕೀಲಿ ನೋಡಿದೆ. ನೀನು ಕುಡೀದಿದ್ರೆ ಸಿರಪ್ಪು ನೀರು ಎಲ್ಲಿಂದ ತರುತ್ತೆ, ಬಾವಿ ತೋಡುತ್ತಾ? ...ಹೊಟ್ಟೆ ಗುಡುಗುಡು ಅಂತಿದ್ಯಾ? ಒಂದು. ಒಳ್ಳೇ ಲಕ್ಷಣ. ತಿಣುಕಬೇಡ, ಸುಮ್ನೆ ಕೂತಿರು.

ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ, ಎನಿಮಾ ಕೊಡೋಣ ಅಂದಿದ್ದಾರೆ ಡಾಕ್ಟರು. ಆಸ್ಪತ್ರೆ ಸಹವಾಸ ನಿಂಗೂ ಬೇಡ, ನಂಗಂತೂ ಬೇಡವೇ ಬೇಡ. ...ಕೆಮ್ಮಬೇಡ. ಆ ಕೆಮ್ಮು ನಂಗೆ ಗೊತ್ತು, 'ಯಾಕೆ' ಅಂತ ಕೇಳೋ ಕೆಮ್ಮು. ಯಾಕೆ ಅಂದ್ರೆ... ಅಲ್ಲಿ ಸೊಳ್ಳೆ. ಆಮೇಲೆ ಆ ನರ್ಸು, ಬೀದಿಗೆಲ್ಲ ಕೇಳೋ ಹಾಗೆ ಮಾತಾಡ್ತಾಳೆ. ಮಂಚದ ಕಾಲಿಗೆ ಒಂದು ಹಲಗೆ ಬೇರೆ ನೇತು ಹಾಕಿರ್ತಾರೆ, ಯಾರಿಗೆ ಏನು ಕಾಯಿಲೆ ಅಂತ ಬರೆದು. ಹೋಗಿ ಬರೋರೆಲ್ಲ ಓದೋಕೆ ಅದೇನು ಬಸ್ಸಿನ ಬೋರ್ಡಾ? ಅದಕ್ಕೇ ಹೇಳ್ತಿರೋದು, ಮನೇಲೇ ಆಗಿ ಹೋಗ್ಲಿ.

ನಿಂಗೆ ಬೇಜಾರು ಅಲ್ವಾ, ಈ ವಯಸ್ಸಿಗೆ ಮಗಳು ಬಂದು ಬಾಗಿಲು ಕಾಯೋ ಹಾಗಾಯ್ತಲ್ಲ ಅಂತ? ...ಒಂದು. ನಿನ್ನ ತಪ್ಪಲ್ಲಪ್ಪ. ಅದು ಮಾತ್ರೆ ಗುಣ. ನೀನೇ ಹೇಳ್ತಿರಲಿಲ್ವಾ? ಕಾಲೇಜಿಗೆ ರಜೆ ಇದ್ದಾಗ ನಾನು ನಿನ್ನ ಔಷಧಿ ಅಂಗಡಿ ಕೌಂಟರಲ್ಲಿ ಕೂರ್ತಿದ್ದೆ. ಒಬ್ಬರು ಮೇಷ್ಟ್ರು ಬರ್ತಿದ್ರು, ಹೆಂಡತಿಯ ಗಡ್ಡೆ ನೋವಿಗೆ ಮಾತ್ರೆ ಒಯ್ಯೋಕೆ. ಚೀಟೀಲಿ ಈ ಸಿರಪ್ ಇಲ್ಲ ಅಂದ್ರೆ ನೀನು ಅವರನ್ನ ಡಾಕ್ಟರ ಹತ್ರ ವಾಪಸ್ ಕಳಿಸಿ ಬರೆಸ್ಕೊಂಡು ಬನ್ನಿ ಅಂತಿದ್ದೆ. 'ಈ ಮಾತ್ರೆ ನೋವಿನ ಜೊತೆ ಹೊಟ್ಟೇನೂ ಕಟ್ಟುತ್ತೆ ಮೇಷ್ಟ್ರೇ. ಕಟ್ಟೋದು ಕೊಟ್ಟ ಮೇಲೆ ಬಿಚ್ಚೋದೂ ಕೊಡಬೇಕು' ಅಂತ. ಎರಡೂ ಒಂದೇ ಕವರಿಗೆ ಹಾಕಿ ದಾರ ಸುತ್ತಿ ಕೊಡ್ತಿದ್ದೆ. ನಮ್ಮಂಗಡಿಯಿಂದ ಆ ಮಾತ್ರೆ ಒಂಟಿಯಾಗಿ ಹೊರಗೆ ಹೋಗಿದ್ದೇ ಇಲ್ಲ. ಅದಕ್ಕೇ, ಡಾಕ್ಟರು ನಿಂಗೂ ಅದೇ ಎರಡು ಬರೆದಾಗ ನಾನು ಒಂದೇ ಕವರಿನಲ್ಲಿ...

...ಅಂದ್ರೆ, ಅದಲ್ಲ. ಅದು ಬೇರೆ ಮಾತ್ರೆ. ನಿಂದು ಶಕ್ತಿ ಮಾತ್ರೆ. ಕಬ್ಬಿಣ ಇರುತ್ತಲ್ಲ ಅದರಲ್ಲಿ, ಅದೂ ಕೆಲವರಿಗೆ ಹೊಟ್ಟೆ ಕಟ್ಟುತ್ತಂತೆ. ಬಾಟಲಿ ಮೇಲೆ ಬರೆದೇ ಇದ್ಯಲ್ಲ, ನೀನೇ ಓದಿದೆ. ಓದಿದ್ಯಲ್ಲಪ್ಪ?

ಅಪ್ಪಾ?

ಒಂದೋ ಎರಡೋ, ಏನಾದ್ರೂ ತಟ್ಟು.

...ಕೆಮ್ಮಾದ್ರೂ ಕೆಮ್ಮು.

ಆ ಬಾಟಲಿಗೆ ಮಾತ್ರೆ ತುಂಬಿದ್ದು ನಾನೇ. 'ಶಕ್ತಿ ಮಾತ್ರೆ' ಅಂತ ಚೀಟಿ ಅಂಟಿಸಿದ್ದೂ ನಾನೇ. ಸೊಟ್ಟಗೆ ಅಂಟಿಸಿದ್ದೆ. ಮಾರನೇ ದಿನ ನೋಡಿದ್ರೆ ನೆಟ್ಟಗಿತ್ತು. ಮನೇಲಿ ಚೀಟಿ ಬಿಡಿಸಿ ನೆಟ್ಟಗೆ ಅಂಟಿಸೋರು ಯಾರಿದ್ದಾರೆ, ನಿನ್ನ ಬಿಟ್ಟು? ನಂಗೆ ಆಗಲೇ ಹೊಳೀಬೇಕಿತ್ತು. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಗಂಟೆ ಹೊಡೀತಿದ್ದ ಹಾಗೆ ನೀನು ಮಾತ್ರೆಗೆ ಕೈ ಚಾಚ್ತಿದ್ದೆ. ಶಕ್ತಿ ಮಾತ್ರೆಗೆ ಯಾರಪ್ಪ ಗಡಿಯಾರ ನೋಡ್ತಾರೆ?

ನಿನ್ನ ಬೆನ್ನು ನೋವಿಗೆ ವಾಯು ಅಂದಿದ್ನಲ್ಲ, ಅದು ವಾಯು ಅಲ್ಲಪ್ಪ. ಗಡ್ಡೆ. ಕೊಯ್ಯೋ ಹಾಗಿಲ್ಲ ಅಂದ್ರು. ಮೈಕ್ ಕೊಟ್ರೆ ಊರಿಗೆಲ್ಲ ಹೇಳೋಳು ನಾನು, ನಿನ್ನ ಮುಂದೆ ಬಾಯೇ ಬರ್ಲಿಲ್ಲ. ಭಯ ಆಯ್ತು. ಈಗಲೂ ಭಯಾನೇ.

ನಿಂಗೆ ಗೊತ್ತಿತ್ತಾ?

...ಒಂದು.

ಇನ್ನೊಂದು ತಟ್ತೀಯೇನೋ ಅಂತ ಕಾಯ್ತಿದ್ದೀನಿ. ಇಲ್ವಾ? ...ಹೂಂ. ಒಂದೇ.

ಅಮ್ಮನಿಗೆ ಹೇಳ್ಲಾ? ...ಎರಡು. ಸರಿ. ಹೇಳಲ್ಲ. ನಾವಿಬ್ಬರೇ.

...ನೀರು ಬಿಟ್ಯಾ? ಆಯ್ತಾ? ...ಒಂದು. ಸದ್ಯ, ಆಸ್ಪತ್ರೆ ತಪ್ಪಿತು. ಇನ್ನು ತಪ್ಪಿದ್ರೂ ಅಷ್ಟೇ, ತಪ್ಪದಿದ್ರೂ ಅಷ್ಟೇ, ಅಲ್ವಾ? ...ನಿಧಾನಕ್ಕೆ ಏಳು. ಗೋಡೆ ಹಿಡ್ಕೋ. ಅಮ್ಮ ಬರ್ತಿದ್ದಾಳೆ.

ಏನಿಲ್ಲಮ್ಮ, ಫಿನಾಯಿಲ್ ಘಾಟು ಕಣ್ಣಿಗೆ ಹೊಡೀತು. ಬಿಸಿನೀರು ಅಲ್ಲೇ ಇಡು. ಅಪ್ಪ ಆರಾಮಾಗಿದ್ದಾರೆ. ಕೆಲವೇ ನಿಮಿಷಗಳಲ್ಲಿ ಬರ್ತಾರೆ.