ಒಲಾನ್ಮಾ ಅವರ ಚಾವಣಿಯ ಆರು ಫಲಕಗಳು

ಎಲ್ಲರಿಗೂ ನಮಸ್ಕಾರ. ಒಲಾನ್ಮಾ ಅವರ ಪತಿ ಉದೋಕಾ ಅವರೇ, ಮಕ್ಕಳೇ, ಅಬಾ ಪೇಟೆಯ ನಮ್ಮ ಹೊಲಿಗೆ ಸಾಲಿನ ಬಂಧುಗಳೇ — ನಾನು ಒನ್ಯೆಮಾ, ಹದಿನಾರು ವರ್ಷ ಅವರ ಪಕ್ಕದ ಅಂಗಡಿಯಲ್ಲಿ ಅಂಗಿ ಹೊಲಿದವನು. ಸಮಾಧಾನದ ಮಾತು ನನಗೆ ಬರುವುದಿಲ್ಲ. ಕ್ಷಮಿಸಿ.

ನಮ್ಮ ಸಾಲಿಗೆ ದಿನಕ್ಕೆ ಎರಡು ಗಂಟೆ ಕರೆಂಟು ಬಂದರೆ ಅದೇ ಹಬ್ಬ. ಉಳಿದ ಹೊತ್ತು ಕಟ್ಟಡದ ಮಾಲೀಕ ಚೀಫ್ ಒಕೆಜಿಯವರ ಜನರೇಟರೇ ಗತಿ. ಅವರು ತಂತಿ ಎಳೆದುಕೊಟ್ಟರೆ ಮೆಷಿನ್ನು ಓಡುತ್ತದೆ; ಮುನಿಸಿಕೊಂಡರೆ ನಾವು ಕೈಕಟ್ಟಿ ಕೂರಬೇಕು. ಒಲಾನ್ಮಾ ಮಾತ್ರ ಕೂರಲಿಲ್ಲ. ಕಳೆದ ವರ್ಷ ಚಾವಣಿಗೆ ಆರು ಸೋಲಾರ್ ಫಲಕ ಹಾಕಿಸಿದರು. ಮೊದಲ ದಿನ ನನ್ನನ್ನು ಕರೆದು ತೋರಿಸಿದರು: "ಬಾರೋ ಒನ್ಯೆಮಾ, ನೋಡು. ಬಿಸಿಲಿಗೆ ಯಾವ ಚೀಫೂ ಬೀಗ ಹಾಕೋಕಾಗಲ್ಲ."

ತಿಂಗಳೊಳಗೆ ಏಳು ಅಂಗಡಿಯವರು ಫಲಕ ಹಾಕಿಸಲು ಹೊರಟರು. ಆಗ ಬಂತು ಚೀಫರ ಅಪ್ಪಣೆ — ಕಟ್ಟಡ ತಮ್ಮದು, ಚಾವಣಿ ತಮ್ಮದು, ಫಲಕ ಇಳಿಸಬೇಕು. ಒಲಾನ್ಮಾ ಒಪ್ಪಲಿಲ್ಲ. ಕಳೆದ ತಿಂಗಳು ಒಂದು ಭಾನುವಾರ ನಾವೆಲ್ಲ ಚರ್ಚಿನಲ್ಲಿದ್ದಾಗ ಚೀಫರ ಆಳುಗಳು ಏಣಿ ಹಾಕಿ ಆರನ್ನೂ ಸುತ್ತಿಗೆಯಿಂದ ಒಡೆದರು. ಸಾಲದೆಂದು ಜನರೇಟರನ್ನು ತಂದು ಅವರ ಹಿಂಬಾಗಿಲಿಗೇ ಆನಿಸಿ ನಿಲ್ಲಿಸಿದರು. ಫಲಕ ಹೋದ ಮೇಲೆ ಒಲಾನ್ಮಾ ಅವರ ಮೆಷಿನ್ನಿಗೂ ಮತ್ತೆ ಅದೇ ತಂತಿ ಗತಿಯಾಯಿತು. ಹೊಗೆ ಒಳಗೆ ನುಗ್ಗುತ್ತಿದೆ, ತಲೆ ಸಿಡಿಯುತ್ತಿದೆ ಎಂದು ಒಲಾನ್ಮಾ ಮೂರು ಸಲ ಹೋಗಿ ಹೇಳಿದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಚೀಫ್ ನಕ್ಕರು: "ಹೊಗೆ ಆಗಲ್ವಾ? ನಿನ್ನ ಸೂರ್ಯನ್ನೇ ಕೇಳಮ್ಮ, ಗಾಳಿ ಬೀಸ್ತಾನೆ."

ಆ ಗುರುವಾರ ಜೋರು ಮಳೆ. ಒಲಾನ್ಮಾ ಕಿಟಕಿ ಮುಚ್ಚಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಮೆಷಿನ್ನಿನ ಮೇಲೆ ತಲೆಯಿಟ್ಟಿದ್ದರು. ಕಾಲು ಇನ್ನೂ ಪೆಡಲಿನ ಮೇಲಿತ್ತು. ಮೆಷಿನ್ನು ಓಡುತ್ತಲೇ ಇತ್ತು — ಬಟ್ಟೆಯಿಲ್ಲದೆ.

ದೇವರ ಇಚ್ಛೆ ಎಂದರು ಕೆಲವರು. ಅಲ್ಲ. ಮತ್ತೆ ಹೇಳುತ್ತೇನೆ — ಅಲ್ಲ. ಮುಚ್ಚಿದ ಕೋಣೆಯಲ್ಲಿ ಅವರನ್ನು ಕೊಂದದ್ದು ಆ ಜನರೇಟರಿನ ಹೊಗೆ.

ಚೀಫ್ ಒಕೆಜಿಯವರೇ, ಹಿಂದಿನ ಸಾಲಿನಲ್ಲಿ ಹೂಮಾಲೆ ಹಿಡಿದು ಕೂತಿದ್ದೀರಿ. ಹೊರಡಬೇಡಿ, ಕೇಳಿ. ನಿಮ್ಮ ಮೇಲೆ ನಾನು ಕೈ ಮಾಡುವುದಿಲ್ಲ. ಹನ್ನೊಂದು ದಿನ ಅದೊಂದೇ ಆಸೆ ಇದ್ದದ್ದು ನಿಜ. ಏಣಿ ಹತ್ತಿದ ನಿಮ್ಮ ಆಳೊಬ್ಬ ನಿನ್ನೆ ಪೊಲೀಸರ ಮುಂದೆ ಎಲ್ಲ ಹೇಳಿದ್ದಾನೆ. ನಾನೂ ಹೇಳಿದ್ದೇನೆ. ಇಂದು ಬೆಳಿಗ್ಗೆ ನಲವತ್ತೊಂದು ಅಂಗಡಿಯವರು ನಿಮ್ಮ ತಂತಿ ಕತ್ತರಿಸಿ, ಸುತ್ತಿ, ನಿಮ್ಮ ಮನೆಯ ಗೇಟಿನ ಮುಂದೆ ಹಾಕಿ ಬಂದಿದ್ದೇವೆ. ಸೋಮವಾರದಿಂದ ಒಂದೊಂದೇ ಚಾವಣಿಗೆ ಫಲಕ ಏರುತ್ತದೆ. ಒಡೆಯಲು ಬನ್ನಿ, ನಾವು ಮೇಲೆಯೇ ಕೂತಿರುತ್ತೇವೆ. ನಿಮ್ಮ ಜನರೇಟರು ತುಕ್ಕು ಹಿಡಿದು ಉದುರುವುದನ್ನು ನೀವು ಕಣ್ಣಾರೆ ನೋಡಬೇಕು — ಅದಕ್ಕಾಗಿಯೇ ನಿಮಗೆ ದೀರ್ಘಾಯುಷ್ಯ ಕೋರುತ್ತೇನೆ.

ಬಂಧುಗಳೇ, ಈಗ ಒಲಾನ್ಮಾ ಅವರಿಗಾಗಿ ಎಲ್ಲರೂ ಎದ್ದು, ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ.

ಚೀಫ್ — ಹೂಮಾಲೆ ಅಲ್ಲೇ ಕೆಳಗಿಡಿ. ನೀವೂ ಏಳಿ.