ಚಡ್ಡಿ ಹೋತದ ಕೊನೆಯ ನಾಲ್ಕು ಮೊಳ

ಸನ್ಮಾನ್ಯ ಅಧ್ಯಕ್ಷರೇ, ಈ ಹೊಸ ಚಿತ್ರಮಂದಿರದ ಯಜಮಾನರಾದ ಸಿದ್ದಮಲ್ಲಪ್ಪನವರೇ, ನನ್ನನ್ನು ನನಗೇ ಗುರುತು ಸಿಗದಷ್ಟು ಹೊಗಳಿ ಪರಿಚಯ ಮಾಡಿಕೊಟ್ಟ ಮುಖ್ಯೋಪಾಧ್ಯಾಯ ಮರಿಮಲ್ಲಪ್ಪನವರೇ, ಗುಂಡ್ಲುಪೇಟೆಯ ಮಹನೀಯರೇ, ಚಾಮರಾಜನಗರದಿಂದ ಬಸ್ಸು ಹಿಡಿದು ಬಂದಿರುವ ಬಂಧುಗಳೇ, ಬಲಗಡೆ ಕುಳಿತಿರುವ ತಾಯಂದಿರೇ, ಸಭಿಕರೇ,

ನಾನು ಭಾಷಣಕಾರನಲ್ಲ. ಹತ್ತು ವರ್ಷದಿಂದ ನಿಮ್ಮೆಲ್ಲರ ಬೆನ್ನ ಹಿಂದೆ, ತಗಡಿನ ಮಿಷನ್ ರೂಮಿನಲ್ಲಿ ನಿಂತಿದ್ದವನು. ನಿಮ್ಮ ತಲೆಗಳು ನನಗೆ ಚೆನ್ನಾಗಿ ಗೊತ್ತು. ಯಾರ ರುಮಾಲು ದೊಡ್ಡದು, ಯಾರು ಬೀಡಿ ಹೊಗೆಯನ್ನು ಸರಿಯಾಗಿ ಬೆಳಕಿನ ದಾರಿಗೇ ಬಿಡುತ್ತಾರೆ, ಎಲ್ಲ ಗೊತ್ತು. ಆದರೆ ನಿಮ್ಮ ಮುಖಗಳನ್ನು ಹೀಗೆ ಒಟ್ಟಿಗೆ ನೋಡುತ್ತಿರುವುದು ಇವತ್ತೇ ಮೊದಲು. ಮಾತು ತಪ್ಪಿದರೆ ಕ್ಷಮಿಸಬೇಕು.

ಆರು ತಿಂಗಳು ಚಾಮರಾಜನಗರ, ಆರು ತಿಂಗಳು ಗುಂಡ್ಲುಪೇಟೆ, ಹೀಗೆ ಹತ್ತು ವರ್ಷ ನಮ್ಮ ಡೇರೆ ಓಡಾಡಿತು. ಗಾಳಿಗೆ ಹರಿಯಿತು, ಹೊಲಿದೆವು. ಮಳೆಗೆ ಸೋರಿತು, ನೀವು ಗೋಣಿಚೀಲ ಹೊದ್ದುಕೊಂಡು ಕುಳಿತಿರಿ. ಇಂದು ಆ ಡೇರೆಯನ್ನು ಮಡಿಸಿಟ್ಟು ಯಜಮಾನರು ಕಲ್ಲು ಗಾರೆಯ ಈ ಕಟ್ಟಡ ಕಟ್ಟಿಸಿದ್ದಾರೆ. ನಾಳೆ ಮೊದಲ ಆಟ. ಹಳೆಯ ಡೇರೆಯ ನೆನಪಿಗೆ ಎರಡು ಮಾತು ಆಡು ಎಂದು ನನಗೆ ಅಪ್ಪಣೆಯಾಗಿದೆ.

ಡೇರೆ ಎಂದರೆ ನಿಮಗೆ ಏನು ನೆನಪಾಗುತ್ತದೆ? ರಾಜ ರಾಣಿಯರ ಕಥೆಗಳೇ? ಕತ್ತಿ ಕಾಳಗಗಳೇ? ಅವು ಬರುತ್ತಿದ್ದವು, ಹೋಗುತ್ತಿದ್ದವು. ವರ್ಷ ವರ್ಷವೂ ನಮ್ಮಲ್ಲೇ ಉಳಿದದ್ದು ಒಂದೇ ಒಂದು. ಹೌದು, ಹಿಂದಿನಿಂದ ಯಾರೋ ಕೂಗಿದರು, ಸರಿಯಾಗಿಯೇ ಕೂಗಿದರು. ಚಡ್ಡಿ ಹೋತ!

ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಇಲಿಯೋ ಬಾತುಕೋಳಿಯೋ ಬಹಳ ಹೆಸರು ಮಾಡಿದ್ದವಂತೆ. ನಮ್ಮ ಪಾಲಿಗೆ ಬಂದದ್ದು ಈ ಹೋತ. ಬೆಂಗಳೂರಿನಲ್ಲಿ ಹಳೆಯ ಡಬ್ಬಗಳನ್ನು ಮಾರುವ ಅಂಗಡಿಯಿಂದ ಯಜಮಾನರು ತಂದದ್ದು. ಒಂದೇ ರೀಲು, ಏಳು ನಿಮಿಷದ ಕಾರ್ಟೂನು ಬೊಂಬೆಯಾಟ. ಹೆಸರಿದ್ದ ತುದಿ ಮೊದಲೇ ಹರಿದುಹೋಗಿತ್ತು. ಅದಕ್ಕೆ ಅವರ ದೇಶದಲ್ಲಿ ಏನೆಂದು ಕರೆಯುತ್ತಿದ್ದರೋ, ಅದನ್ನು ಬರೆದ ಪುಣ್ಯಾತ್ಮ ಯಾರೋ, ಬದುಕಿದ್ದಾನೋ ಇಲ್ಲವೋ, ನಮಗೆ ಗೊತ್ತಿಲ್ಲ. ಹೆಗಲಿಗೆ ಒಂದೇ ಪಟ್ಟಿಯ ಚಡ್ಡಿ ಹಾಕಿಕೊಂಡು ಓಡುತ್ತಿತ್ತು, ನೀವು ಚಡ್ಡಿ ಹೋತ ಎಂದಿರಿ, ಅದೇ ನಿಂತಿತು.

ಒಂದು ಸಣ್ಣ ರೈಲು ನಿಲ್ದಾಣ. ಅಲ್ಲಿ ನಮ್ಮ ಹೋತ. ಗಾರ್ಡಿನ ಹಸಿರು ಬಾವುಟ ತಿನ್ನುತ್ತದೆ. ಸೀಟಿ ನುಂಗುತ್ತದೆ, ಬಾಯಿ ತೆರೆದಾಗಲೆಲ್ಲ ಪೀ ಎನ್ನುತ್ತದೆ. ಸೇತುವೆಯ ಹಗ್ಗವನ್ನೂ ತಿಂದುಬಿಡುತ್ತದೆ. ಆಮೇಲೆ ತಾನೇ ಗಾಬರಿಯಾಗಿ, ಬರುವ ರೈಲನ್ನು ನಿಲ್ಲಿಸಲು ಓಡಿ, ಮುರಿದ ಸೇತುವೆಯ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಚಾಮರಾಜನಗರದವರಿಗಂತೂ ಅದು ತಮ್ಮ ಊರಿನ ಸ್ಟೇಷನ್ನೇ ಎಂದು ನಂಬಿಕೆ. ಕುದೇರಿನಿಂದ, ಉಡಿಗಾಲದಿಂದ ಗಾಡಿ ಕಟ್ಟಿಕೊಂಡು ಬಂದವರು ಹೋತವನ್ನು ನೋಡಿ, ದೊಡ್ಡ ಪಿಕ್ಚರು ಶುರುವಾದ ಕೂಡಲೇ ಮರಳಿನ ಮೇಲೆ ಮಲಗಿ ಗೊರಕೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾರಿದ ಮೇಲೆ ಹೋತ ಏನು ಮಾಡುತ್ತಿತ್ತು? ನೆನಪಿದೆಯೇ? ಮಕ್ಕಳಿಗೆ ಗೊತ್ತಿಲ್ಲ, ಅವರು ನೋಡಿಲ್ಲ. ಐವತ್ತಮೂರನೇ ಇಸವಿಗೆ ಮುಂಚೆ ನೋಡಿದವರು ಮಾತ್ರ ಬಲ್ಲರು. ಆಚೆ ದಡದಲ್ಲಿ ಕಾಲು ಚಾಚಿ ಕುಳಿತು, ತಲೆಯ ಮೇಲಿನ ಟೋಪಿ ತೆಗೆದು, ನಮ್ಮನ್ನೇ ನೋಡುತ್ತ, ನಿಧಾನವಾಗಿ ಆ ಟೋಪಿಯನ್ನು ತಿನ್ನುತ್ತಿತ್ತು. ಅವಸರವಿಲ್ಲ, ಭಯವಿಲ್ಲ. ಇಡೀ ತೆರೆಯ ತುಂಬ ಅದರ ಮುಖ. ಲೆಕ್ಕ ಹಾಕಿದರೆ ನಾಲ್ಕು ಮೊಳ ಫಿಲ್ಮು. ಒಂದು ಮೊಳಕ್ಕೆ ಒಂದು ಸೆಕೆಂಡು.

ಆ ನಾಲ್ಕು ಮೊಳ ಐವತ್ತಮೂರರಲ್ಲಿ ಕಳೆದುಹೋಯಿತು. ಅಂದಿನಿಂದ ಹೋತ ಹಾರುತ್ತಿತ್ತು, ಇಳಿಯುತ್ತಿರಲಿಲ್ಲ. ತೆರೆ ಬೆಳ್ಳಗಾಗುತ್ತಿತ್ತು. "ಏನಾಯ್ತ್ಲಾ ಅದ್ಕೆ? ಬಿದ್ದೋಯ್ತಾ?" ಎಂದು ನೀವು ಕೂಗುತ್ತಿದ್ದಿರಿ. ಕೊನೆಗೆ ಯಜಮಾನರು ಬೇಸತ್ತು ಆ ರೀಲನ್ನು ಡಬ್ಬದೊಳಗೆ ಹಾಕಿಸಿಬಿಟ್ಟರು.

ಈಗ ಮರಿಮಲ್ಲಪ್ಪನವರು ಪರಿಚಯ ಮಾಡಿಕೊಡುತ್ತ, ಗುರುಪಾದಸ್ವಾಮಿಯವರ ಕೈಯಲ್ಲಿ ಹತ್ತು ವರ್ಷದಲ್ಲಿ ಒಂದಿಂಚು ಫಿಲ್ಮ್ ಹಾಳಾಗಿಲ್ಲ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನಾನು ತಲೆ ಬಗ್ಗಿಸಿದೆ. ವಿನಯದಿಂದ ಬಗ್ಗಿಸಿದೆ ಎಂದು ನೀವು ತಿಳಿದಿರಬಹುದು.

ಸಂಸಾರದ ವಿಷಯ ಸಭೆಯಲ್ಲಿ ಆಡಬಾರದು. ಆದರೂ ಒಂದೆರಡು ಮಾತು. ಐವತ್ತಮೂರರಲ್ಲಿ ನನ್ನ ಮಗಳು ಗಂಗಾಂಬಿಕೆಗೆ ಏಳು ವರ್ಷ. ವಿಷಮಶೀತ ಜ್ವರ ಬಂದು ಎರಡು ತಿಂಗಳು ಮಲಗಿದಳು. ಗಂಜಿಯ ತಿಳಿ ಬಿಟ್ಟು ಇನ್ನೇನನ್ನೂ ಬಾಯಿಗೆ ಹಾಕಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಸಿದ ಮಗುವಿನ ಮುಂದೆ ಕೂರುವುದು ಏನೆಂದು ಈ ತಾಯಂದಿರಿಗೆ ನಾನು ಹೇಳಬೇಕೇ? ನಮ್ಮ ಮನೆಯಾಕೆ ಶಿವರುದ್ರಮ್ಮ ಅಡುಗೆ ಮಾಡುವುದನ್ನೇ ಬಿಟ್ಟಳು. ಸಾರಿನ ವಾಸನೆಗೆ ಮಗು ಅಳುತ್ತಿತ್ತು. ನಾವಿಬ್ಬರೂ ಪಕ್ಕದ ಮನೆಯಲ್ಲಿ ಕದ್ದು ಮುಚ್ಚಿ ಉಣ್ಣುತ್ತಿದ್ದೆವು.

ಆ ಮಗು ದಿನಾ ಕೇಳುತ್ತಿದ್ದುದು ಒಂದೇ ಮಾತು. "ಅಪ್ಪ, ಇವತ್ತು ಚಡ್ಡಿ ಹೋತ ಏನೇನ್ ತಿಂತು?" ತನಗೆ ತಿನ್ನಲಾಗದ್ದನ್ನೆಲ್ಲ ಅದು ತಿನ್ನುತ್ತದೆ ಎಂಬುದೇ ಅವಳಿಗೊಂದು ಸಮಾಧಾನ. ಮೊದಮೊದಲು ಬಾಯಲ್ಲಿ ಹೇಳಿದೆ. ಆಮೇಲೆ, ತಾನಾಗಿ ತುಂಡಾಗಿದ್ದ ಒಂದು ಚೂರು ಫಿಲ್ಮ್ ತಂದುಕೊಟ್ಟೆ. ಹೆಬ್ಬೆರಳಗಲದ ಚೂರು. ದೀಪದ ಹತ್ತಿರ ಬೇಡ, ಬೆಂಕಿ ಹಿಡಿಯುತ್ತದೆ, ಹಗಲು ಬೆಳಕಿನಲ್ಲಿ ಮಾತ್ರ ನೋಡು ಎಂದೆ. ಕಿಟಕಿಗೆ ಹಿಡಿದು ಬೆಳಗಿನಿಂದ ಸಂಜೆವರೆಗೆ ನೋಡಿದಳು. ಮರುದಿನ ಇನ್ನೊಂದು ಕೇಳಿದಳು. ತುಂಡಾದ ಚೂರು ದಿನಾ ಎಲ್ಲಿಂದ ಬರಬೇಕು?

ಸಭಿಕರೇ, ನಾನು ಇಷ್ಟೆಲ್ಲ ಹೇಳಬೇಕೆಂದು ಎದ್ದು ನಿಂತವನಲ್ಲ. ಬರೆದುಕೊಂಡು ಬಂದ ಕಾಗದ ಈ ಜೇಬಿನಲ್ಲಿದೆ. ಅದರಲ್ಲಿ ಯಜಮಾನರ ಔದಾರ್ಯ, ಕಲಾಸೇವೆ, ಎಲ್ಲವೂ ಇದೆ. ಅದು ಅಲ್ಲೇ ಇರಲಿ.

ಒಂದು ದಿನ ಡಾಕ್ಟರು ನಾಡಿ ಹಿಡಿದು ನೋಡಿ, ಏನೂ ಹೇಳದೆ ಚೀಲ ಎತ್ತಿಕೊಂಡು ಹೊರಟರು. ಏನೂ ಹೇಳದೆ ಹೊರಟರೆ ಏನರ್ಥ? ಆ ಮಧ್ಯಾಹ್ನ ಮಗು ಕಣ್ಣು ಮುಚ್ಚಿಕೊಂಡೇ, "ಅಪ್ಪ, ಅದು ಟೋಪಿ ತಿನ್ನೋದ ನೋಡ್ಬೇಕು" ಎಂದಿತು. ನಾನು ನೇರ ಡೇರೆಗೆ ಹೋದೆ. ಡಬ್ಬ ತೆಗೆದೆ. ಹೋತ ಕಾಲು ಚಾಚಿ ಕೂರುವಲ್ಲಿಂದ ಕೊನೆಯವರೆಗೆ, ನಾಲ್ಕು ಮೊಳವನ್ನೂ ಕತ್ತರಿಸಿದೆ. ಹಾರುವ ಚಿತ್ರಕ್ಕೆ ಬಿಳಿ ಪಟ್ಟಿ ಅಂಟಿಸಿದೆ. ಬನಿಯನ್ನಿನೊಳಗೆ ಸುತ್ತಿಕೊಂಡು ಮನೆಗೆ ತಂದೆ. ಒಂದೊಂದು ಚಿತ್ರವಾಗಿ, ಟೋಪಿ ಕರಗುವವರೆಗೆ, ಅವಳ ಕಣ್ಣ ಮುಂದೆ ಎಳೆದು ತೋರಿಸಿದೆ. ಮೊದಲು ದಿನಕ್ಕೊಂದು ಚೂರು, ಕೊನೆಗೆ ಈ ನಾಲ್ಕು ಮೊಳ, ಕತ್ತರಿಸಿದವನು ನಾನು. ಬೇರೆ ಯಾರೂ ಅಲ್ಲ.

ಯಜಮಾನರೇ, ತಾವು ಹಾಗೆ ನೋಡುತ್ತಿರುವುದು ನನಗೆ ಕಾಣುತ್ತಿದೆ. ಇನ್ನೂ ಇದೆ, ದಯವಿಟ್ಟು ಕೂರಬೇಕು.

ಅಂದಿನ ಡೇರೆಯಲ್ಲಿ ಫಿಲ್ಮ್ ಮುಟ್ಟುವವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಚಂದಕವಾಡಿಯ ಚಿಕ್ಕಮಾದಯ್ಯ. ನನಗಿಂತ ಹತ್ತು ವರ್ಷ ದೊಡ್ಡವನು. ಡಬ್ಬ ಹೊರುವುದು, ಆಟ ಮುಗಿದ ರೀಲನ್ನು ಮರಳಿ ಸುತ್ತುವುದು ಅವನ ಕೆಲಸ. ಹತ್ತಿಬಟ್ಟೆಯ ತುಂಡನ್ನು ಎರಡು ಬೆರಳ ನಡುವೆ ಹಿಡಿದು ಫಿಲ್ಮಿನ ಅಂಚನ್ನು ಸವರುತ್ತ ಸುತ್ತುತ್ತಿದ್ದ. ಕಣ್ಣು ಎಲ್ಲೋ ಇರುತ್ತಿತ್ತು, ಒಂದು ತೂತು ಹರಿದಿದ್ದರೂ ಬೆರಳು ನಿಲ್ಲುತ್ತಿತ್ತು.

ಹೋತ ಇಳಿಯದೆ ಹೋದ ಮರುದಿನ ಬೆಳಿಗ್ಗೆ ಯಜಮಾನರು ನಮ್ಮಿಬ್ಬರನ್ನೂ ಡೇರೆಯ ಬಾಗಿಲಿಗೆ ಕರೆದರು. ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಗುರುಪಾದಪ್ಪ, ನಿನ್ನನ್ನ ಕೇಳಕೆ ಕರೀಲಿಲ್ಲ ಕಣಪ್ಪ. ಕೊರಳಲ್ಲಿ ಲಿಂಗ ಇರೋನು ನೀನು, ಕದ್ದೀಯಾ?" ನಾನು ಸುಮ್ಮನಿದ್ದೆ. ಆಮೇಲೆ ಅವನ ಕಡೆ ತಿರುಗಿದರು. "ಏನ್ಲಾ ಚಿಕ್ಕಮಾದ, ನೀನು ಮುಟ್ಲಿಲ್ಲ ಅಂದ್ರೆ ಮಾದಪ್ಪನ ಮೇಲೆ ಆಣೆ ಮಾಡ್ಲಾ."

ವರ್ಷಕ್ಕೊಮ್ಮೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಒಕ್ಕಲು ಅವನದು. ಒಂದು ಮಾತು, "ಮಾದಪ್ಪನಾಣೆ ನಾನಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಅವನು ನೆಲ ನೋಡಿದ. "ಆಣೆ ಮಾಡಕಿಲ್ಲ ಬುದ್ಧಿ" ಎಂದ. "ಯಾಕ್ಲಾ?" "ಮಾಡಕಿಲ್ಲ ಬುಡಿ." ನಮ್ಮ ಸೀಮೆಯಲ್ಲಿ ಮಾದಪ್ಪನ ಆಣೆಗೆ ಹಿಂಜರಿದವನನ್ನು ಏನೆಂದು ತಿಳಿಯುತ್ತಾರೆ? ಯಜಮಾನರು ತಿಳಿದದ್ದೂ ಅದನ್ನೇ. ಅಲ್ಲಿ ನಿಂತಿದ್ದವರೆಲ್ಲ ತಿಳಿದದ್ದೂ ಅದನ್ನೇ. ಅವರನ್ನು ನಾನು ದೂರುವುದಿಲ್ಲ. ನಿಜ ಗೊತ್ತಿದ್ದವನು ಮೂರು ಮಾರು ದೂರದಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತಿದ್ದ.

ಅವತ್ತೇ ಅವನನ್ನು ಕೆಲಸದಿಂದ ಬಿಡಿಸಿದರು. ಚಂದಕವಾಡಿಯಲ್ಲಿ "ರೀಲು ಕಳ್ಳ" ಎಂಬ ಹೆಸರಾಯಿತು. ಅವನ ಮಗಳು ಸಣ್ಣತಾಯಮ್ಮನಿಗೆ ಗೊತ್ತಾಗಿದ್ದ ಗಂಡು, ಕಳ್ಳನ ಮನೆಯ ಹೆಣ್ಣು ಬೇಡವೆಂದು ಹಿಂದೆ ಸರಿಯಿತು. ಆ ಹುಡುಗಿ ನಾಲ್ಕು ವರ್ಷ ಮದುವೆಯಿಲ್ಲದೆ ಕುಳಿತಳು. ನನ್ನ ಮಗಳಿಗೆ ಜ್ವರ ಇಳಿಯಿತು. ಅವಳಿಗೆ ಮೊದಲ ತುತ್ತು ಅನ್ನ ಕೊಟ್ಟ ದಿನ ನಾವು ಇಡೀ ಬೀದಿಗೆ ಪಾಯಸ ಹಂಚಿದೆವು. ಎರಡೂ ಒಂದೇ ತಿಂಗಳಲ್ಲಿ ಆಯಿತು ಸಭಿಕರೇ. ನನಗೆ ಎರಡೂ ಗೊತ್ತಿತ್ತು.

ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಮಗಳು ಚೇತರಿಸಿಕೊಳ್ಳಲಿ ಎಂದೆ. ಆಮೇಲೆ ಅವಳು ಶಾಲೆಗೆ ಸೇರಲಿ ಎಂದೆ. ಐದು ವರ್ಷ ಹೀಗೆ ಅನ್ನುತ್ತ ಕಳೆಯಬಹುದೆಂದು ನನಗೇ ಗೊತ್ತಿರಲಿಲ್ಲ.

ಹೋದ ಸೋಮವಾರ ಈ ಸಮಾರಂಭದ ಕರೆಯೋಲೆ ಹಂಚಲು ಯಜಮಾನರು ನನ್ನನ್ನು ಚಂದಕವಾಡಿಗೆ ಕಳಿಸಿದರು. ದಾರಿ ಬದಿಯ ಹೊಲದಲ್ಲಿ ಚಿಕ್ಕಮಾದಯ್ಯ ಯಾರದೋ ಬೇಲಿ ಕಟ್ಟುತ್ತಿದ್ದ. ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ. ಅವನೇ ಕೂಗಿದ. "ಸ್ವಾಮಿ, ಎಂಗವ್ಳೆ ಮಗಳು?"

ಎಂಗವ್ಳೆ ಮಗಳು! ಐದು ವರ್ಷದ ಮೇಲೆ ಆ ಮನುಷ್ಯ ನನ್ನನ್ನು ಕೇಳಿದ ಮೊದಲ ಮಾತು ಅದು. ನನಗೆ ತಡೆಯಲಾಗಲಿಲ್ಲ. ಅವತ್ತು ಯಾಕೆ ಆಣೆ ಮಾಡಲಿಲ್ಲ ಎಂದು ಕೇಳಿದೆ. ಅವನು ಮುಳ್ಳು ಸರಿಸುತ್ತಲೇ ಹೇಳಿದ.

"ದಿನಾ ರೀಲು ಸುತ್ತೋನು ನಾನಲ್ವಾ ಸ್ವಾಮಿ? ನೀವು ತುಂಡಾದ ರೀಲ್ಗೆ ಅಂಟಾಕುವಾಗ ಬಲಗಡೆ ಅಂಚ ಜಾಸ್ತಿ ಕೆರೀತೀರಿ, ನಾನು ಕೆರಿಯಕಿಲ್ಲ. ದಿನಕ್ಕೊಂದು ಅಂಟು ಬೆರಳಿಗೆ ಸಿಕ್ತಿತ್ತು. ಮಗು ದಿನಾ ಓತದ್ ಕತೆ ಕೇಳ್ತದೆ ಅಂತ ನೀವೇ ಅಂದಿದ್ರಿ, ಮಗೀಗೆ ಕೊಡಾಕೆ ಅಂತ ಗೊತ್ತಾಯ್ತು. ಅವತ್ತು ಮಾದಪ್ಪನೆಸ್ರು ಇಡ್ದು ನಾನಲ್ಲ ಅಂದಿದ್ರೆ, ಮತ್ಯಾರ್ಲಾ ಅಂತಿದ್ರು. ಮಾದಪ್ಪನೆಸ್ರು ಇಡ್ದ ಬಾಯಲ್ಲಿ ಗೊತ್ತಿಲ್ಲ ಅನ್ನಕಾಯ್ತದಾ? ನಿಮ್ಮೆಸ್ರು ಯೋಳ್ಬೇಕಾಯ್ತಿತ್ತು. ಅಲ್ಲಿ ಮಗು ಸಾಯಂಗೆ ಮಲಗಿತ್ತು. ನಿಮ್ಗೆ ಕೆಲ್ಸ ಓಗಿದ್ರೆ ಔಸ್ದಿ ಎಲ್ಲಿಂದ ತತ್ತಿದ್ರಿ?"

ಇಷ್ಟು ಹೇಳಿ ಮತ್ತೆ ಬೇಲಿಯ ಕಡೆ ತಿರುಗಿದರು. ಕೋಪವಿಲ್ಲ, ಕೊಂಕಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಮಾರಂಭಕ್ಕೂ ಮೊದಲ ಆಟಕ್ಕೂ ಬನ್ನಿ ಎಂದು ಕೈಹಿಡಿದು ಕರೆದೆ. "ನಾ ಬಂದ್ರೆ ಜನ ನನ್ ನೋಡ್ತಾರೆ, ಪಿಕ್ಚರ್ ನೋಡಕಿಲ್ಲ" ಎಂದರು. ಬರಲಿಲ್ಲ. ಈ ಸಭೆಯಲ್ಲಿ ಅವರು ಇಲ್ಲ. ಐದು ವರ್ಷ ನಾನು ಅವರನ್ನು ಎಂಥ ಕಡೆ ನಿಲ್ಲಿಸಿದ್ದೇನೆ ಎಂದು ನನಗೆ ಅರ್ಥವಾದದ್ದು ಆ ಮಾತು ಕೇಳಿದ ಮೇಲೆ.

ಅಂದು ನನ್ನಿಂದ ಯಾರೂ ಆಣೆ ಕೇಳಲಿಲ್ಲ. ಇಂದು ಯಾರೂ ಕೇಳದೆಯೇ, ಈ ಲಿಂಗವನ್ನು ಮುಟ್ಟಿ ಹೇಳುತ್ತಿದ್ದೇನೆ. ಚಿಕ್ಕಮಾದಯ್ಯನವರು ಕದ್ದಿಲ್ಲ. ಕದ್ದವನು ಗುರುಪಾದಸ್ವಾಮಿ. ಚಾಮರಾಜನಗರದವರು ಊರಿಗೆ ಹೋಗಿ ಹೇಳಿ. ಚಂದಕವಾಡಿಯವರು ಯಾರಾದರೂ ಇದ್ದರೆ ಮನೆ ಮನೆಗೂ ಹೇಳಿ.

ಮಗಳೇ ಗಂಗಾ, ತಾಯಂದಿರ ಸಾಲಿನಲ್ಲಿ ನೀನು ಅಳುತ್ತಿರುವುದು ಕಾಣುತ್ತಿದೆ. ನಿನ್ನದೇನೂ ತಪ್ಪಿಲ್ಲಮ್ಮ. ಹಸಿದ ಮಗು ಕೇಳುತ್ತದೆ. ಆದರೆ ನಿನ್ನ ತಂದೆ ಒಳ್ಳೆಯವನೆಂದು ಎಲ್ಲರೂ ಹೇಳುವುದನ್ನು ಕೇಳಿ ಬೆಳೆದಿದ್ದೀಯೆ. ಇನ್ನು ಮುಂದೆ ಆ ಮಾತಿನ ಜೊತೆಗೆ ಇದನ್ನೂ ಕೇಳಿಕೊಂಡು ಬೆಳೆಯಬೇಕು.

ಯಜಮಾನರೇ, ನಾಳೆಯ ಮೊದಲ ಆಟಕ್ಕೆ ಮಿಷನ್ ನಡೆಸುವುದು ನಾನಲ್ಲ, ಅದನ್ನು ತಾವು ಹೇಳುವ ಮುಂಚೆ ನಾನೇ ಹೇಳುತ್ತೇನೆ. ಬೀಗದ ಕೈ ಇಗೋ, ಈ ಮೇಜಿನ ಮೇಲೆ ಇಟ್ಟಿದ್ದೇನೆ. ಚಂದಕವಾಡಿಗೆ ನಾಳೆ ಬೆಳಿಗ್ಗೆ ಏಳಕ್ಕೆ ಮೊದಲ ಬಸ್ಸಿದೆ. ನಾನು ಒಬ್ಬನೇ ಹೋಗಿ ಆಟಕ್ಕೆ ಕರೆದರೆ ಅವರು ಬರುವುದಿಲ್ಲ. ಅಂದು ಡೇರೆಯ ಬಾಗಿಲಲ್ಲಿ ತಾವೂ ನಾನೂ ನಿಂತಿದ್ದೆವು. ತಾವು ಮಾತಾಡಿದಿರಿ, ನಾನು ಮಾತಾಡಲಿಲ್ಲ. ಅವರ ಬಾಗಿಲಿಗೂ ನಾವಿಬ್ಬರೇ ಹೋಗಬೇಕು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ತಾವು ಬರುತ್ತೀರೋ ಇಲ್ಲವೋ ಈಗ ಹೇಳಬೇಡಿ.

ನನಗೆ ಹೊದಿಸಿದ ಶಾಲಿಗೆ, ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲ ಋಣಿಯಾಗಿದ್ದೇನೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.