ನಾಲ್ಕು ಪಾವು ಅಕ್ಕಿ

...ಓಡಿಹೋಗಿದಾಳೆ ಗೋದಕ್ಕ, ಇನ್ನೇನು! ಬೆಳಿಗ್ಗೆ ಡಾಲಸ್‌ನಿಂದ ಡ್ರೈವ್ ಮಾಡ್ಕೊಂಡು ಹ್ಯೂಸ್ಟನ್‌ಗೆ ಬಂದು ಬಾಗಿಲು ತೆಗೀತೀನಿ, ಮಾರಿತೆಸ್ ಇಲ್ಲ. ಚಪ್ಪಲಿ ಇಲ್ಲೇ ಇದೆ, ಅವಳಿಲ್ಲ! ಅಯ್ಯೋ, ನಿಂತೇ ಇದೀರಲ್ಲ, ಕೂತ್ಕೊಳ್ಳಿ. ಆಸ್ಪತ್ರೆಯಿಂದ ನೇರ ಬಂದ್ರಾ? ಡಾಕ್ಟರ್ ಕೋಟೂ ತೆಗೆದಿಲ್ಲ... ಓರಗಿತ್ತಿ ಅಂದ್ರೆ ಹೀಗಿರ್ಬೇಕು. ನಾನು ಫೋನ್ ಮಾಡೋ ಮುಂಚೆನೇ ಬಂದ್ರಿ.

ಮೂರು ವರ್ಷ ಆಯ್ತು! ಅತ್ತೆ ಹಾಸಿಗೆ ಹಿಡಿದಾಗ ನೋಡ್ಕೊಳ್ಳೋಕೆ ಬಂದೋಳು. ಅತ್ತೆ ಕೊನೆ ತುತ್ತು ತಿಂದಿದ್ದು ಅವಳ ಕೈಯಿಂದಾನೇ, ನೀವೂ ಇದ್ರಲ್ಲ. ಅತ್ತೆ ಹೋದ್ಮೇಲೂ ನಾನು ಕಳಿಸಲಿಲ್ಲ. ಪಾಪ, ಫಿಲಿಪೀನ್ಸ್‌ಗೆ ವಾಪಸ್ ಹೋಗಿ ಏನು ಮಾಡ್ತಾಳೆ? ಅವರ ಗದ್ದೆಗೆ ಬಾಳೆ ತೋಟದ ಕಂಪನಿ ಬಂತು. ಗಂಡಸರು ರುಜು ಹಾಕಿದ್ರು. ಬಿತ್ತನೆ ಬೀಜ ಜೋಪಾನ ಮಾಡ್ತಿದ್ದ ಹೆಂಗಸರನ್ನ ಒಬ್ಬರೂ ಕೇಳಲಿಲ್ಲ. ಅವಳಮ್ಮ ಮಕ್ಕಳಿಗೆ ಗಂಜಿ ಹಾಕಿ, ಗಂಡನಿಗೆ ಅನ್ನ ಬಡಿಸಿ, ತಾನು ಸೀದ ತಳ ಕೆರ್ಕೊಂಡು ತಿಂತಿದ್ಲಂತೆ. ಭತ್ತದ ಗಡಿಗೆ ಪಕ್ಕದಲ್ಲೇ ಹಸ್ಕೊಂಡು ಮಲಗೋಳು, ಬೀಜ ಅಂತ ಒಂದು ಕಾಳು ಮುಟ್ತಿರ್ಲಿಲ್ಲ!

ಇದನ್ನೇ ಆಸ್ಟಿನ್‌ನಲ್ಲಿ ಹೇಳಿದೆ ಗೋದಕ್ಕ. 'ಹೆಣ್ಣು, ಮಣ್ಣು, ಹಸಿವು' ಅಂತ ನನ್ನ ಭಾಷಣ. ಮಣ್ಣನ್ನ ಹಿಂಡೋ ಕೈನೇ ಹೆಣ್ಣಿನ ತಟ್ಟೆನೂ ಕಿತ್ಕೊಳ್ಳತ್ತೆ ಅಂದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ! ಒಬ್ಬ ಪ್ರೊಫೆಸರಂತೂ ಅತ್ತೇಬಿಟ್ಲು. ಆಮೇಲೆ ಡಾಲಸ್‌ನೋರು ಬಿಡಲಿಲ್ಲ, ನಮ್ಮಲ್ಲೂ ಮಾತಾಡಿ ಅಂತ...

ಯಾಕೆ ನಗ್ತೀರಿ? ನಗು ಅಲ್ವಾ ಅದು? ಮತ್ತೇನು ಹಾಗೆ ನೋಡ್ತೀರಿ?

ಫ್ರಿಡ್ಜ್ ಯಾಕೆ ತೆಗೀತೀರಿ ಈಗ? ಬೇರೆ ಊರಿಗೆ ಹೋಗೋವಾಗ ಖಾಲಿ ಮಾಡೇ ಹೋಗೋದು ನಾನು, ಕೆಟ್ಟುಹೋಗತ್ತೆ. ಉಪ್ಪಿನಕಾಯಿ ಇತ್ತಲ್ಲ... ಸರಿ, ಬರೀ ಉಪ್ಪಿನಕಾಯಿ ಯಾರು ತಿಂತಾರೆ. ಆದ್ರೆ ಅಕ್ಕಿ ಇತ್ತು!

ಆ ಪ್ಯಾಂಟ್ರಿ ಬೀಗನಾ? ಅದು... ದಿನಸಿಗೆ ಇಲಿ ಬರತ್ತೆ ಅಂತ.

ಗೊತ್ತು, ಗೊತ್ತು, ಇಲಿ ಚಿಲಕ ತೆಗೆಯಲ್ಲ! ಕೇಳಿ ಇಲ್ಲಿ. ಈ ವರ್ಷ ಇಂಡಿಯಾದಿಂದ ಅಕ್ಕಿ ಬರೋದು ನಿಂತು ಆಗಿರೋ ಪರದಾಟ ನಿಮಗೂ ಗೊತ್ತಲ್ಲ? ಹಿಲ್‌ಕ್ರಾಫ್ಟ್ ಬೀದಿ ಇಂಡಿಯನ್ ಅಂಗಡೀಲಿ ಮನೆಗೆ ಒಂದೇ ಮೂಟೆ ಅಂದ್ರು. ನಾನು ನಾಲ್ಕು ಅಂಗಡಿ ಅಲೆದು ತಂದಿದ್ದು. ಇವಳು ನೋಡಿದ್ರೆ ಸಣ್ಣ ಸಣ್ಣ ಕವರ್‌ನಲ್ಲಿ ತುಂಬಿ, ಚರ್ಚಿಗೆ ಬರೋ ಯಾರೋ ಒಬ್ಬ ಬಾಣಂತಿಗೆ ಕೊಡ್ತಿದ್ಲು. ಕೇಳಬಹುದಿತ್ತಲ್ಲ? ಕೇಳಿದ್ಲು, ಒಂದ್ಸಲ ಕೇಳಿದ್ಲು... ನಾನೇ ಬೇಡ ಅಂದೆ. ಆಮೇಲೆ ಬೀಗ ಹಾಕಿದೆ. ಮೂರು ದಿನಕ್ಕೆ ಅಂತ ನಾಲ್ಕು ಪಾವು ಅಕ್ಕಿ ಅಳೆದು ಹೊರಗಿಟ್ಟು ಹೋದೆ. ನಮ್ಮೆಜಮಾನ್ರೂ ಊರಲ್ಲಿಲ್ಲ, ಒಬ್ಬಳಿಗೆ ಸಾಲದಾ?

ಎಂಟು ದಿನ ಆಗತ್ತೆ ಅಂತ ನನಗೇನು ಕನಸು ಬಿದ್ದಿತ್ತಾ!

ಅಂಗಡಿಗೆ ನಡ್ಕೊಂಡು ಹೋಗೋಕಾಗಲ್ಲ ಈ ಬಡಾವಣೇಲಿ, ನಿಜ. ಪಕ್ಕದ ಮನೆ ಕದ ತಟ್ಟಬಹುದಿತ್ತು. ಪೊಲೀಸ್ ಹಿಡಿದ್ಕೊಂಡು ಹೋಗ್ತಾರೆ ಅಂತ ಹೆದರಿದ್ಲೋ ಏನೋ. ಹೌದು, ನಾನೇ ಹೇಳ್ತಿದ್ದೆ ಹಾಗೆ. ವೀಸಾ ಮುಗಿದೋಳಿಗೆ ಎಚ್ಚರಿಕೆ ಹೇಳೋದು ತಪ್ಪಾ?

ಏನಂದ್ರಿ? ನಿಮ್ಮ ಆಸ್ಪತ್ರೇಲಾ?

ನಿಮಗೆ ಫೋನ್ ಮಾಡಿದ್ಲಾ... ಅಡಿಗೆಮನೇಲೇ ಬಿದ್ದಿದ್ಲಾ... ಶುಗರ್ ಮಾತ್ರೆ! ಹೊಟ್ಟೇಲಿ ಏನೂ ಇಲ್ಲದೆ ತಗೊಂಡ್ಲಾ? ನೀವೇ ತಾನೆ ಹೇಳಿದ್ದು, ಒಂದು ದಿನಾನೂ ತಪ್ಪಿಸ್ಬೇಡ ಅಂತ! ಈಗ ಎಚ್ಚರ ಇದೆ ತಾನೆ? ಸದ್ಯ. ದೇವರು ದೊಡ್ಡೋನು. ಹುಷಾರಾಗ್ಲಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ. ಬೇಡ್ವಾ? ಬರಲ್ಲ ಅಂದ್ಲಾ?

ಕೈ ಯಾಕೆ ಚಾಚಿದೀರಿ? ...ಪಾಸ್‌ಪೋರ್ಟ್. ನನ್ನ ಹತ್ರ ಇದೆ ಅಂತ ಹೇಳಿದ್ಲಾ? ಜೋಪಾನಕ್ಕೆ ಇಟ್ಕೊಂಡಿದ್ದೆ ಅಷ್ಟೆ. ತಗೊಳ್ಳಿ. ಇಗೋ, ತಗೊಳ್ಳಿ! ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡಿ ಗೋದಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಗೊತ್ತಿರಲಿಲ್ಲ. ಅವಳು ಹಸಿದಿದಾಳೆ ಅಂತ ಗೊತ್ತಿದ್ದಿದ್ರೆ ನಾನು...

ಹೋಗ್ತಿಲ್ವಾ? ಪಾಸ್‌ಪೋರ್ಟ್ ಸಿಕ್ತಲ್ಲ, ಇನ್ನೇನು? ಏನಾದ್ರೂ ಅನ್ನಿ. ಬೈರಿ. ಹೀಗೆ ಸುಮ್ನೆ ನಿಲ್ಬೇಡಿ!

...ಹೌದು. ನನಗೂ ಫೋನ್ ಮಾಡಿದ್ಲು. ನಿಮಗಿಂತ ಎರಡು ದಿನ ಮುಂಚೆ.

ಕನ್ನಡದಲ್ಲೇ ಅಂದ್ಲು ಗೋದಕ್ಕ. ಅತ್ತೆ ಹತ್ರ ಕಲಿತಿದ್ದು. 'ಅಮ್ಮಾ, ಹಸಿವು' ಅಂದ್ಲು. ಅಷ್ಟೇ. ನನ್ನ ಹೆಸರು ಕರೀತಿದ್ರು, ಎಲ್ಲಾ ಕಾಯ್ತಿದ್ರು... ನಾಳೆ ಬರ್ತೀನಿ ಅಂತ ಹೇಳಿ ಫೋನ್ ಆಫ್ ಮಾಡಿ ವೇದಿಕೆ ಹತ್ತಿದೆ.